ರಿಬ್ಬನ್ ಕಟ್ಟಿದ ದಾರಿ ಯಾರದು?

ಹೋದ ನವೆಂಬರ್‌ನ ಒಂದು ಭಾನುವಾರ. ಸಂಜೆ ಆರೂವರೆಗೆ ಅಂಗಡಿ ಶೆಟ್ರ ಫೋನ್ ಬಂತು. "ಮಾರಾಯ, ನೀನು ಪೇಪರಿಗೆ ಬರೆದಿದ್ದೆಯಲ್ಲ ಓಡೋ ದಾರಿ ಅಂತ, ಅದನ್ನ ಫೋನಲ್ಲಿ ಇಟ್ಕೊಂಡು ಇಬ್ಬರು ಹುಡುಗರು ಬಂದಿದ್ರು. ನಮ್ಮಲ್ಲೇ ಟೀ ಕುಡಿದು ಹತ್ತು ಗಂಟೆಗೆ ಹತ್ತಿದವರು ಇನ್ನೂ ಇಳಿದಿಲ್ಲ. ಕಾರು ಇಲ್ಲೇ ನಿಂತಿದೆ. ಏನು ಮಾಡೋದು ಹೇಳು."

ನಾನು ಬೈಕ್ ಹತ್ತಿ ಹೋಗುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಶೆಟ್ರು, ಪಕ್ಕದ ತೋಟದ ರೈಟ್ರು, ಲೈನ್ ಮನೆಯ ಇಬ್ಬರು ಆಳುಗಳು, ಒಬ್ಬ ಅರಣ್ಯ ವಾಚರ್ ಮತ್ತು ನಾನು, ಒಟ್ಟು ಆರು ಜನ ಟಾರ್ಚ್ ಹಿಡಿದು ಹೊರಟೆವು. ಗುಡ್ಡದ ಮೇಲೆ ನೆಟ್‌ವರ್ಕ್ ಇಲ್ಲ. ಮಂಜು ಹೇಗಿತ್ತೆಂದರೆ ಟಾರ್ಚ್ ಬೆಳಕು ನಮ್ಮ ಮುಖಕ್ಕೇ ವಾಪಸ್ ಹೊಡೆಯುತ್ತಿತ್ತು. ಕೂಗುತ್ತಾ, ನಿಂತು ಕಿವಿಗೊಡುತ್ತಾ, ಮತ್ತೆ ಕೂಗುತ್ತಾ ಹೋದೆವು. ರಾತ್ರಿ ಹತ್ತೂವರೆ ಹೊತ್ತಿಗೆ ಎರಡನೇ ಕವಲಿನ ಕೆಳಗಿನ ಕೊರಕಲಿನಲ್ಲಿ ಅವರು ಸಿಕ್ಕರು. ಒಬ್ಬನ ಪಾದದ ಗಂಟು ಊದಿಕೊಂಡಿತ್ತು. ಇನ್ನೊಬ್ಬನಿಗೆ ಹಲ್ಲು ಕಟಕಟ ಎನ್ನುವಷ್ಟು ನಡುಕ, ಕೇಳಿದ್ದಕ್ಕೆ ಉತ್ತರವೂ ಸರಿಯಾಗಿ ಬರುತ್ತಿರಲಿಲ್ಲ. ಇಬ್ಬರ ಮೈಮೇಲೂ ಚಡ್ಡಿ, ತೆಳು ಟೀ ಶರ್ಟ್. ಕೈಯಲ್ಲಿ ಅರ್ಧ ಲೀಟರಿನ ಖಾಲಿ ಬಾಟಲಿ.

ಕಂಬಳಿಯನ್ನು ಬಿದಿರಿನ ಗಳಕ್ಕೆ ಕಟ್ಟಿ ಜೋಲಿ ಮಾಡಿ ಒಬ್ಬನನ್ನು ಹೊತ್ತುಕೊಂಡು ಬಂದೆವು. ಮುಂದೆ ಹೊತ್ತಿದ್ದ ಆಳು ಇಳಿಯುವ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ: "ನಿನ್ನೆ ರಾತ್ರಿ ಆನೆ ಇದ್ದಿದ್ದು ಇಲ್ಲೇ ಸ್ವಾಮಿ. ಇವತ್ತು ಎಲ್ಲಿದೆಯೋ."

ಯಾರೂ ಸಾಯಲಿಲ್ಲ. ಹುಡುಗರು ಮರುದಿನ ಆಸ್ಪತ್ರೆಯಿಂದ ಊರಿಗೆ ಹೋದರು. ಎರಡು ದಿನದ ಮೇಲೆ ಫೋನ್ ಮಾಡಿ ಥ್ಯಾಂಕ್ಸ್ ಕೂಡ ಹೇಳಿದರು. ಸುದ್ದಿ ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಶೆಟ್ರು ಅವತ್ತು ಅಂಗಡಿ ಬಾಗಿಲು ಹಾಕುವಾಗ ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. "ಅಲ್ಲ ಮಾರಾಯ, ಈ ದಾರಿ ಇವರಿಗೆ ಕೊಟ್ಟಿದ್ದು ಯಾರು?"

ಕೊಟ್ಟಿದ್ದು ನಾನೇ.

ನಾನು ಬರೆದದ್ದು, ಅಚ್ಚಾದದ್ದು

ನಾನು ಮೂಡಿಗೆರೆ ಕಡೆಯ ಸ್ಟ್ರಿಂಗರ್. ವರದಿಗೆ ಇಷ್ಟು, ಫೋಟೊಗೆ ಇಷ್ಟು ಎಂಬ ಲೆಕ್ಕದಲ್ಲಿ ಬದುಕುವವನು. ಆ ಸೆಪ್ಟೆಂಬರ್‌ನಲ್ಲಿ ವಾರಾಂತ್ಯದ ಪುಟಕ್ಕೆ ಏನಾದರೂ ಕೊಡು ಎಂದು ಡೆಸ್ಕ್‌ನಿಂದ ಕೇಳಿದರು. ಈಗ ಟ್ರೇಲ್ ರನ್ನಿಂಗ್ ಎಂದರೆ ಊರು ಬಿಟ್ಟು ಜನ ಬರುತ್ತಾರೆ, ಗುಡ್ಡ ಕಾಡಿನ ಕಾಲುದಾರಿಗಳಲ್ಲಿ ಓಡುವ ಆಟ ಅದು. ನಮ್ಮ ಕಡೆಯ ಐದು ಕಠಿಣ ದಾರಿಗಳ ಬಗ್ಗೆ ಬರೆದೆ. ಎಷ್ಟು ಕಿಲೋಮೀಟರ್, ಎಷ್ಟು ಏರು, ಎಲ್ಲಿ ಫೋಟೊ ಚೆನ್ನಾಗಿ ಬರುತ್ತದೆ, ಎಲ್ಲವನ್ನೂ ಹಾಕಿದೆ. ಒಂದು ದಾರಿಯನ್ನು ನಾನೇ ಓಡಿ, ಫೋನಿನಲ್ಲಿ ದಾಖಲಾದ ಗೆರೆಯನ್ನು ಓಟಗಾರರ ಆ್ಯಪ್‌ಗೂ ಏರಿಸಿದ್ದೆ. ಕೊನೆಯ ಪ್ಯಾರಾದಲ್ಲಿ, ಎರಡನೇ ಕವಲಿನಲ್ಲಿ ದನದ ಜಾಡು ದಾರಿಯಂತೆಯೇ ಕಾಣುತ್ತದೆ, ಮಧ್ಯಾಹ್ನದ ಮೇಲೆ ಮಂಜು ಇಳಿಯುತ್ತದೆ, ನೆಟ್‌ವರ್ಕ್ ಇಲ್ಲ, ಆನೆ ಓಡಾಟವಿದೆ, ಊರಿನವರನ್ನು ಕೇಳದೆ ಹತ್ತಬೇಡಿ ಎಂದು ಬರೆದಿದ್ದೆ.

ಪತ್ರಿಕೆ ಬಂದಾಗ ಆ ಕೊನೆಯ ಪ್ಯಾರಾ ಇರಲಿಲ್ಲ. ಜಾಹೀರಾತು ಬಂದಿದ್ದರಿಂದ ಜಾಗ ಸಾಲಲಿಲ್ಲವಂತೆ. ಶೀರ್ಷಿಕೆಯಲ್ಲಿ ಮಾತ್ರ ನಾನು ಬರೆಯದ 'ಸ್ವರ್ಗ' ಎಂಬ ಪದ ಸೇರಿಕೊಂಡಿತ್ತು.

ಮೊದಮೊದಲು ನನಗೆ ಡೆಸ್ಕ್ ಮೇಲೇ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ. ನಾವೆಲ್ಲ ಡಿಪ್ಲೊಮಾದ ಮೊದಲ ತಿಂಗಳಲ್ಲೇ ಕಲಿತದ್ದು ತಲೆಕೆಳಗಾದ ಪಿರಮಿಡ್. ಮುಖ್ಯವಾದದ್ದು ಮೇಲೆ, ಕಡಿಮೆ ಮುಖ್ಯವಾದದ್ದು ಕೆಳಗೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ ಎಂಬುದೂ ನಮಗೆ ಗೊತ್ತು. ಹಾಗಿದ್ದೂ ಎಚ್ಚರಿಕೆಯನ್ನು ಕೊನೆಗೆ ಇಟ್ಟವನು ನಾನು. ಅದು ಹೋದರೂ ಪರವಾಗಿಲ್ಲ ಎಂದು ತೀರ್ಮಾನಿಸಿದ್ದು ಡೆಸ್ಕ್ ಅಲ್ಲ, ನನ್ನ ಕಾಪಿಯೇ ಹಾಗೆ ಹೇಳುತ್ತಿತ್ತು. ಈ ಬ್ಲಾಗ್ ಓದುವವರಲ್ಲಿ ಹೆಚ್ಚಿನವರು ನನ್ನಂತೆಯೇ ಹಳ್ಳಿಯಿಂದ ಸುದ್ದಿ ಕಳಿಸುವವರು. ಅದಕ್ಕೇ ಇದನ್ನು ಇಲ್ಲಿ ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತಿದ್ದೇನೆ. ಆ ದಾರಿಯ ಹೆಸರನ್ನು ಈ ಬರಹದಲ್ಲಿ ಬೇಕೆಂದೇ ಹಾಕಿಲ್ಲ.

ನಮ್ಮ ಗುಡ್ಡ ಯಾಕೆ ಕಷ್ಟ

ಮ್ಯಾಪಿನಲ್ಲಿ ನೋಡಿದರೆ ನಮ್ಮ ಬೆಟ್ಟಗಳು ಹಿಮಾಲಯದ ಮುಂದೆ ಕುಳ್ಳ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕುದುರೆಮುಖ 1,890 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಕುಮಾರಪರ್ವತ 1,712. ಹೊರಗಿನಿಂದ ಬರುವವರಿಗೆ ಮೋಸ ಆಗುವುದು ಈ ಸಂಖ್ಯೆಗಳಿಂದಲೇ. ಶಿಖರ ಎಷ್ಟು ಎತ್ತರ ಎಂಬುದಕ್ಕಿಂತ ನೀವು ಎಲ್ಲಿಂದ ಹತ್ತಲು ಶುರು ಮಾಡುತ್ತೀರಿ ಎಂಬುದು ಮುಖ್ಯ. ಮುಳ್ಳಯ್ಯನಗಿರಿಗೆ ಬಹುಪಾಲು ಎತ್ತರವನ್ನು ಜೀಪು ಹತ್ತಿಸುತ್ತದೆ. ಕುಮಾರಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ ಕಾಲಿಡುತ್ತೀರಿ. ಅಂದರೆ ಸುಮಾರು 13 ಕಿಲೋಮೀಟರ್‌ನಲ್ಲಿ ಹತ್ತಿರ ಹತ್ತಿರ 1,600 ಮೀಟರ್ ನೇರ ಏರು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಒಂದು ಸರಳ ಲೆಕ್ಕವನ್ನು ಈಗಲೂ ಬೆಟ್ಟ ಹತ್ತುವವರು ಬಳಸುತ್ತಾರೆ. ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ಕುಕ್ಕೆಯಿಂದ ಶಿಖರಕ್ಕೆ ಐದು ಗಂಟೆ ಮೇಲಾಗುತ್ತದೆ. ಇದು ಸುಸ್ತಿಲ್ಲದೆ, ನಿಲ್ಲದೆ, ಒಳ್ಳೆಯ ಹವೆಯಲ್ಲಿ ನಡೆದರೆ. ಓಡುವವರು ಇದನ್ನು ಅರ್ಧಕ್ಕೆ ಇಳಿಸಬಲ್ಲರು, ಆದರೆ ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಬೆಂಗಳೂರಿನ ಪಾರ್ಕಿನಲ್ಲಿ ಹತ್ತು ಕಿಲೋಮೀಟರ್ ಒಂದು ಗಂಟೆಯಲ್ಲಿ ಓಡುವವನು ಇಲ್ಲಿಯೂ ಹಾಗೇ ಲೆಕ್ಕ ಹಾಕಿದರೆ ಕತ್ತಲಾಗುವಾಗ ಕಾಡಿನೊಳಗೆ ಇರುತ್ತಾನೆ. ನಮ್ಮ ಇಬ್ಬರು ಹುಡುಗರು ಮಾಡಿದ್ದೂ ಇದನ್ನೇ. "ಹದಿನಾರು ಕಿಲೋಮೀಟರ್ ತಾನೆ, ಒಂದು ಗಂಟೆಗೆ ಊಟಕ್ಕೆ ಬರುತ್ತೇವೆ" ಎಂದು ಶೆಟ್ರಿಗೆ ಹೇಳಿ ಹೋಗಿದ್ದರು.

ಏರಿಗಿಂತ ಇಳಿಜಾರು ಇನ್ನೂ ಕೆಟ್ಟದ್ದು. ತರಗೆಲೆಯ ಕೆಳಗೆ ಯಾವ ಕಲ್ಲು ಗಟ್ಟಿ, ಯಾವುದು ಅಲುಗಾಡುತ್ತದೆ ಗೊತ್ತಾಗುವುದಿಲ್ಲ. ಪಾಚಿ ಹಿಡಿದ ಬಂಡೆ, ಒದ್ದೆ ಬೇರು, ಜಂಬಿಟ್ಟಿಗೆ ಮಣ್ಣಿನ ಜಾರು. ತೊಡೆ ಸೋತ ಮೇಲೆ ಕಾಲು ಎಲ್ಲಿ ಇಟ್ಟರೂ ಅದು ನಿಮ್ಮ ಮಾತು ಕೇಳುವುದಿಲ್ಲ. ಹುಲ್ಲುಗಾವಲಿಗೆ ಬಂದರೆ ಇನ್ನೊಂದು ತೊಂದರೆ. ಅಲ್ಲಿ ದಾರಿ ಒಂದಲ್ಲ. ದನ ಮೇಯಲು ಹೋದ ಜಾಡು, ಕಡವೆ ಓಡಾಡಿದ ಜಾಡು, ಮನುಷ್ಯರ ಜಾಡು ಎಲ್ಲ ಒಂದೇ ಥರ ಕಾಣುತ್ತವೆ. ಬಿಸಿಲಿರುವಾಗ ಎದುರಿನ ಗುಡ್ಡ ನೋಡಿ ದಿಕ್ಕು ಹಿಡಿಯಬಹುದು. ಮಂಜು ಇಳಿದರೆ ಹತ್ತು ಮಾರು ಮುಂದೆ ಕಾಣದು. ಮಳೆಗಾಲದಲ್ಲಿ ಇಂಬಳ ಕಚ್ಚುತ್ತದೆ, ಅದರಿಂದ ಯಾರೂ ಸತ್ತಿಲ್ಲ. ಬೇಸಿಗೆಯ ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈಗಲೂ ಮಲೆನಾಡಿನಲ್ಲಿ ಬೇಸಿಗೆ ಬಂತೆಂದರೆ ಜೀವ ತೆಗೆಯುತ್ತದೆ. ಮಂಗ ಸತ್ತುಬಿದ್ದ ಕಾಡಿಗೆ ದರಗು ಗುಡಿಸಲೂ ಹೋಗಬೇಡಿ ಎಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಹೇಳುವ ದಿನಗಳಲ್ಲೇ ಓಟದ ಹಂಗಾಮೂ ಬರುತ್ತದೆ.

ಇನ್ನು ಆನೆ. ಮೂಡಿಗೆರೆ, ಆಲೂರು, ಸಕಲೇಶಪುರದ ತೋಟಗಳಲ್ಲಿ ಬೆಳಗಿನ ಜಾವ ಕೆಲಸಕ್ಕೆ ಹೊರಟ ಎಷ್ಟು ಕಾರ್ಮಿಕರು ಆನೆಗೆ ಸಿಕ್ಕಿ ಸತ್ತಿದ್ದಾರೆ ಎಂದು ಇಲ್ಲಿಯ ವರದಿಗಾರರಿಗೆ ಹೇಳಬೇಕಾಗಿಲ್ಲ. ಅಂಥ ಸಾವುಗಳನ್ನು ಒಂದೊಂದಾಗಿ ವರದಿ ಮಾಡಿದವರು ನಾವೇ. ಅದೇ ಬೆಳಗಿನ ಜಾವ ಐದೂವರೆಗೆ ಹಣೆಗೆ ದೀಪ ಕಟ್ಟಿ, ಕಿವಿಗೆ ಹಾಡು ಹಾಕಿಕೊಂಡು ಓಡುವುದನ್ನು ಸಾಹಸ ಎನ್ನುತ್ತಾರೆ. ತೋಟದ ಹೆಂಗಸು ಅದೇ ಹೊತ್ತಿನಲ್ಲಿ ಅದೇ ದಾರಿಯಲ್ಲಿ ಹೋದರೆ ಅದಕ್ಕೆ ಕೂಲಿ ಎನ್ನುತ್ತಾರೆ.

ಒಂದು ದಿನದ ಸಂಕ

ನಾನು ಓಟದ ವಿರೋಧಿಯಲ್ಲ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆಯ ಹುಡುಗರು ಓಡುವುದು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ, ಇಲ್ಲವೇ ಸೇನೆಗೆ. 1,600 ಮೀಟರ್ ಆರೂವರೆ ನಿಮಿಷದೊಳಗೆ. ಅದು ಆದರೆ ಓಟ ಮುಗಿಯಿತು, ಆಗದಿದ್ದರೂ ಮುಗಿಯಿತು. ನಾನೂ ಹಾಗೇ ಓಡಿ, ಸೆಲೆಕ್ಟ್ ಆಗದೆ, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಸುಮ್ಮನೆ ಸಂತೋಷಕ್ಕೂ ಓಡಬಹುದು ಎಂದು ನನಗೆ ಮೂವತ್ತು ದಾಟಿದ ಮೇಲೆ ತೋರಿಸಿದವರು ಹೊರಗಿನಿಂದ ಬಂದ ಈ ಓಟಗಾರರೇ. ಗುಡ್ಡದ ನೆತ್ತಿಯಲ್ಲಿ ಉಸಿರು ಕಟ್ಟಿ ನಿಂತಾಗ ಕೆಳಗೆ ಕಣಿವೆಯಲ್ಲಿ ಮಂಜು ಹಾಲು ಚೆಲ್ಲಿದ ಹಾಗೆ ಹರಡಿರುವುದನ್ನು ನೋಡುವ ಸುಖ ಏನೆಂದು ನನಗೂ ಗೊತ್ತು.

ಆದರೆ ಒಂದು ಓಟದ ಕತೆ ಹೇಳಬೇಕು. ಸಂಘಟಕರು ಯಾರು, ಯಾವ ಊರು ಎಂಬುದು ಬೇಡ. ನಮ್ಮ ಪಕ್ಕದ ಹಳ್ಳಿಗಳ ಮೂಲಕ ಐವತ್ತು ಕಿಲೋಮೀಟರ್‌ನ ಒಂದು ಸ್ಪರ್ಧೆ ನಡೆಯಿತು. ಐವತ್ತು ಮೀಟರ್‌ಗೊಂದು ಕೆಂಪು ರಿಬ್ಬನ್. ಐದಾರು ಕಡೆ ಮೇಜು ಹಾಕಿ ಬಾಳೆಹಣ್ಣು, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ನೀರು, ಓಆರ್‌ಎಸ್. ಎರಡು ಆಂಬುಲೆನ್ಸ್. ವ್ಯವಸ್ಥೆ ನೋಡಿ ನನಗೆ ಖುಷಿಯಾಯಿತು, ಹಾಗೇ ಬರೆದೆ ಕೂಡ.

ಆ ದಾರಿಯಲ್ಲಿ ಒಂದು ಹಳ್ಳವಿದೆ. ಊರವರು ಅದಕ್ಕೆ ಎರಡು ಅಡಿಕೆ ಮರದ ಸಂಕ ಹಾಕಿಕೊಂಡಿದ್ದಾರೆ. ಆಚೆ ದಂಡೆಯ ಹನ್ನೊಂದು ಮನೆಗಳ ಮಕ್ಕಳು ಶಾಲೆಗೆ, ಮುದುಕರು ರೇಷನ್ನಿಗೆ, ಆಶಾ ಕಾರ್ಯಕರ್ತೆ ಬಾಣಂತಿಯರನ್ನು ನೋಡಲು, ಲೈನ್‌ಮ್ಯಾನ್ ಕರೆಂಟು ಸರಿಮಾಡಲು ಎಲ್ಲರೂ ಹೋಗಿಬರುವುದು ಅದರ ಮೇಲೇ. ಓಟಗಾರರಿಗೆ ಅದು ಅಪಾಯ ಎಂದು ಸಂಘಟಕರು ಹಿಂದಿನ ದಿನ ಕಬ್ಬಿಣದ ಚೌಕಟ್ಟು, ಹಲಗೆ, ಎರಡೂ ಬದಿಗೆ ಹಿಡಿದುಕೊಳ್ಳಲು ಹಗ್ಗ ಹಾಕಿ ಚಂದದ ಸೇತುವೆ ಮಾಡಿಸಿದರು. ಓಟದ ದಿನ ಮಕ್ಕಳು ಅದರ ಮೇಲೆ ಹತ್ತು ಸಲ ಆಚೆ ಈಚೆ ಓಡಾಡಿದರು. ಮರುದಿನ ಬೆಳಿಗ್ಗೆ ಪಿಕಪ್ ಬಂತು. ಎಲ್ಲ ಬಾಡಿಗೆಯದ್ದು. ಹಲಗೆ, ಹಗ್ಗ, ಚೌಕಟ್ಟು ಬಿಚ್ಚಿ ಹೇರಿಕೊಂಡು ಹೋದರು. ಸೋಮವಾರ ಮಕ್ಕಳು ಅಡಿಕೆ ಮರದ ಮೇಲೇ ಶಾಲೆಗೆ ಹೋದರು.

ಇದರಲ್ಲಿ ಯಾರೂ ಕಾನೂನು ಮುರಿದಿಲ್ಲ. ಬಾಡಿಗೆ ಸಾಮಾನನ್ನು ಬಿಟ್ಟು ಹೋಗಿ ಎನ್ನಲು ಆಗುವುದಿಲ್ಲ. ಸಂಕ ಕಟ್ಟಿಸಬೇಕಾದ್ದು ಪಂಚಾಯಿತಿ, ಓಟದವರಲ್ಲ, ಅದೂ ಸರಿ. ಆದರೆ 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹೊಳೆಗೆ ಬಿದ್ದು ಜೀವ ಕಳೆದುಕೊಂಡಳು. ರಾಜ್ಯವೆಲ್ಲ ಆಗ ಮಾತಾಡಿತು. ಒಂದು ದಾಟು ಅಪಾಯದ್ದು ಎಂದು ಗೊತ್ತಾಗಲು, ಅದಕ್ಕೊಂದು ಹಗ್ಗ ಕಟ್ಟಲು ಊರಿನವರಿಗೆ ವರ್ಷಗಟ್ಟಲೆ ಅರ್ಜಿ ಬೇಕಾಗುತ್ತದೆ, ಓಟದವರಿಗೆ ಒಂದು ಮಧ್ಯಾಹ್ನ ಸಾಕಾಗುತ್ತದೆ ಎಂಬುದನ್ನು ಆ ಹನ್ನೊಂದು ಮನೆಯವರು ಕಣ್ಣಾರೆ ನೋಡಿದ್ದಾರೆ. ಅವರು ಓಟದವರನ್ನು ಬೈಯಲಿಲ್ಲ. ಒಬ್ಬರು ಅಜ್ಜಿ ಮಾತ್ರ, "ಇನ್ನೊಂದು ಸಲ ಯಾವಾಗ ಓಡ್ತರಂತೆ?" ಎಂದು ಕೇಳಿದರು.

ಇನ್ನು ಸಣ್ಣಸಣ್ಣ ಸಂಗತಿಗಳಿವೆ. ಓಡುವ ಭರದಲ್ಲಿ ಉಣುಗೋಲು ತೆಗೆದವರು ಹಾಕದೆ ಹೋದರೆ ದನ ಗದ್ದೆಗೆ ನುಗ್ಗುತ್ತವೆ. ಒಂದು ಸಂಜೆಯಲ್ಲಿ ಒಬ್ಬರ ಅರ್ಧ ವರ್ಷದ ಊಟ ಹೋಗುತ್ತದೆ. ಆ್ಯಪ್‌ನಲ್ಲಿ ಒಬ್ಬ ಏರಿಸಿದ ಗೆರೆ ಯಾರದ್ದೋ ಮನೆಯಂಗಳದ ಮೂಲಕ ಹಾದಿದ್ದರೆ, ಪ್ರತಿ ಭಾನುವಾರ ಅಪರಿಚಿತರು ಆ ಅಂಗಳದಲ್ಲಿ ಓಡುತ್ತಾರೆ. ಬಚ್ಚಲಿನಿಂದ ಹೊರಬಂದ ಹೆಂಗಸಿಗೆ ಆಗುವ ಮುಜುಗರ ಆ ಗೆರೆಯಲ್ಲಿ ಕಾಣುವುದಿಲ್ಲ. ರಿಬ್ಬನ್ ಬಿಚ್ಚಲು ಮರೆತರೆ ಅದನ್ನು ತಿನ್ನುವುದು ದನ.

ಶೋಲಾ ಹುಲ್ಲುಗಾವಲಿನದು ಬೇರೆಯೇ ಲೆಕ್ಕ. ಅಲ್ಲಿಯ ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ಒದ್ದೆ ನೆಲದಲ್ಲಿ ನೂರಾರು ಜನ ಒಂದೇ ಸಾಲಿನಲ್ಲಿ ಓಡಿದರೆ ಹುಲ್ಲು ಕಿತ್ತು ಚರಂಡಿಯಂಥ ಗೆರೆ ಬೀಳುತ್ತದೆ. ಕೆಸರು ತಪ್ಪಿಸಲು ಹಿಂದಿನವರು ಪಕ್ಕದಲ್ಲಿ ಓಡುತ್ತಾರೆ, ದಾರಿ ಅಗಲವಾಗುತ್ತದೆ. ಮುಂದಿನ ಮಳೆಯ ನೀರೆಲ್ಲ ಆ ಗೆರೆಯಲ್ಲೇ ಇಳಿಯುತ್ತದೆ. ತುಂಗೆ, ಭದ್ರೆ, ನೇತ್ರಾವತಿ, ಹೇಮಾವತಿ ಎಲ್ಲ ಹುಟ್ಟುವುದು ಈ ಗುಡ್ಡಸಾಲಿನಲ್ಲೇ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆ ತೋಟ ಕೊಚ್ಚಿಕೊಂಡು ಹೋದದ್ದನ್ನು ನೋಡಿದವರಿಗೆ ನೀರು ದಾರಿ ಮಾಡಿಕೊಳ್ಳುವುದೆಂದರೆ ಏನೆಂದು ಗೊತ್ತು. ಓಟಗಾರರಿಂದ ಗುಡ್ಡ ಕುಸಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಇಂಥ ನೆಲದಲ್ಲಿ ಎಷ್ಟು ಜನ, ಯಾವ ತಿಂಗಳಲ್ಲಿ ಎಂದು ಕೇಳುವುದು ಅತಿಯಾಯಿತು ಎನ್ನಬೇಡಿ, ಅಷ್ಟೇ.

ನಿಷೇಧ ಸುಲಭ, ಆದರೆ ಸಾಲದು

"ಹಾಗಾದರೆ ಇವರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿ" ಎನ್ನುವ ಗೆಳೆಯರಿದ್ದಾರೆ. 2024ರ ಜನವರಿ ಕೊನೆಯ ಸಾಲು ರಜೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ವಿಡಿಯೊ ಎಲ್ಲರೂ ನೋಡಿದ್ದೀರಿ. ಆಮೇಲೆ ಸರ್ಕಾರ ಆನ್‌ಲೈನ್ ಟಿಕೆಟ್ ಇಲ್ಲದ ಚಾರಣ ಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಬಳಿಕ ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಅದು ಒಳ್ಳೆಯದೇ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದರಲ್ಲಿ ಚರ್ಚೆಗೆ ಜಾಗವಿಲ್ಲ.

ಆದರೆ ನಮ್ಮ ಓಟದ ದಾರಿಗಳು ಹೆಚ್ಚಿನವು ಇಂಥ ಗೇಟಿನ ಒಳಗಿಲ್ಲ. ತೋಟ, ಗೋಮಾಳ, ಹೊಳೆದಂಡೆ, ಊರ ನಡುವಿನ ಕಾಲುದಾರಿ ಎಲ್ಲ ಸೇರಿ ಒಂದು ದಾರಿ ಆಗುತ್ತದೆ. ಅಲ್ಲಿ ಟಿಕೆಟ್ ಕೊಡುವವರು ಯಾರೂ ಇಲ್ಲ. ಪೂರ್ತಿ ಬೇಡ ಎಂದರೆ ರಾತ್ರಿ ಬರುತ್ತಾರೆ, ಊರಿನವರಿಗೆ ಹೇಳದೆ ಬರುತ್ತಾರೆ. ನಮ್ಮ ಹುಡುಗರು ಶೆಟ್ರ ಅಂಗಡಿಯಲ್ಲಿ ಟೀ ಕುಡಿಯದೆ ಹೋಗಿದ್ದರೆ ಅವರನ್ನು ಹುಡುಕಲು ಯಾರೂ ಹೋಗುತ್ತಿರಲಿಲ್ಲ. ಅಷ್ಟೇ ಅಲ್ಲ, ಹೋಮ್‌ಸ್ಟೇ ನಡೆಸುವವರು, ಜೀಪು ಓಡಿಸುವವರು, ಅಡುಗೆ ಮಾಡುವವರು ಇದರಿಂದ ನಾಲ್ಕು ಕಾಸು ನೋಡಿದ್ದಾರೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ವರ್ಷ ಆ ನಾಲ್ಕು ಕಾಸು ಸಣ್ಣದಲ್ಲ.

ಇನ್ನೊಂದು ಕಡೆಯಿಂದ ಓಟಗಾರ ಗೆಳೆಯರೊಬ್ಬರು ನನಗೆ ಹೇಳಿದರು: "ಬೆಟ್ಟಕ್ಕೆ ಬರುವವನು ಅಪಾಯ ಗೊತ್ತಿದ್ದೇ ಬರ್ತಾನೆ. ಅವನ ಜವಾಬ್ದಾರಿ ಅವನದು." ಇದು ಅರ್ಧ ಸತ್ಯ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ ನೂರು ಕಿಲೋಮೀಟರ್ ಬೆಟ್ಟದ ಓಟವನ್ನು ನೆನಪಿಸಿಕೊಳ್ಳಿ. 172 ಜನ ಹೊರಟರು. ಮಧ್ಯಾಹ್ನದ ಹೊತ್ತಿಗೆ ಎತ್ತರದ ಬಯಲಿನಲ್ಲಿ ಆಲಿಕಲ್ಲು, ಹಿಮದಂಥ ಮಳೆ, ಬಿರುಗಾಳಿ. 21 ಜನ ಸತ್ತರು. ಅವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಗಾಳಿ ಮಳೆ ತಡೆಯುವ ಜಾಕೆಟ್ಟನ್ನು ಅಲ್ಲಿ ಕಡ್ಡಾಯ ಮಾಡಿರಲಿಲ್ಲ. ಯುರೋಪಿನಲ್ಲಿ ಮಾಂಟ್ ಬ್ಲಾಂಕ್ ಸುತ್ತ 2003ರಿಂದ ನಡೆಯುತ್ತಿರುವ ಸುಮಾರು 170 ಕಿಲೋಮೀಟರ್ ಓಟದಲ್ಲಿ ಜಾಕೆಟ್, ಸೀಟಿ, ಹಣೆದೀಪ, ಮೈ ಬೆಚ್ಚಗಿಡುವ ಹೊದಿಕೆ ಇಲ್ಲದಿದ್ದರೆ ಓಡಲು ಬಿಡುವುದಿಲ್ಲ. ಅಂದರೆ ಓಟಗಾರ ಎಷ್ಟೇ ಗಟ್ಟಿಗನಾದರೂ ದಾರಿ ಹಾಕಿಕೊಟ್ಟವನಿಗೂ ಜವಾಬ್ದಾರಿ ಇದೆ.

ಗಾನ್ಸುವಿನ ಆ ದಿನದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ. ಮಳೆಗೆ ಗುಹೆಯಲ್ಲಿ ಆಸರೆ ಪಡೆದಿದ್ದ ಆ ಊರಿನ ಒಬ್ಬ ಕುರಿಗಾಹಿ ಆರು ಜನರನ್ನು ಒಳಗೆ ಕರೆತಂದು, ಬೆಂಕಿ ಹಾಕಿ ಉಳಿಸಿದ. ಆ ಬಯಲಿನಲ್ಲಿ ಗುಹೆ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ನಮ್ಮಲ್ಲೂ ಅವತ್ತು ಆ ಕೊರಕಲು ಎಲ್ಲಿದೆ ಎಂದು ಗೊತ್ತಿದ್ದದ್ದು ಲೈನ್ ಮನೆಯ ಆಳಿಗೆ. "ಎರಡನೇ ಕವಲಲ್ಲಿ ದನದ ಜಾಡು ಹಿಡಿದಿದ್ರೆ ಅಲ್ಲಿಗೇ ಇಳೀಬೇಕು" ಎಂದು ಅವನು ಅಂಗಡಿ ಮುಂದೆಯೇ ಹೇಳಿದ್ದ. ನನ್ನ ಫೋನಿನ ಗೆರೆಯಲ್ಲಿ ಆ ಜಾಡು ಇರಲಿಲ್ಲ.

ಹಾಗಾದರೆ ಏನು ಮಾಡಬೇಕು

ನನ್ನ ಮಾತು ಇಷ್ಟೇ. ದಾರಿ ಬೇಕಾದವರು ಆ ದಾರಿಯ ಜನರನ್ನು ಮೊದಲು ಕೇಳಬೇಕು. ಈಗ ಓಟ ನಡೆಸುವವರು ತಾಲೂಕು ಕಚೇರಿ, ಪೊಲೀಸ್ ಠಾಣೆ, ಅರಣ್ಯ ಇಲಾಖೆಯ ಕಾಗದ ಮಾಡಿಸುತ್ತಾರೆ. ಗ್ರಾಮ ಪಂಚಾಯಿತಿಗೆ ಬಂದು, ಯಾವ ದಿನ, ಎಷ್ಟು ಜನ, ಯಾರ ಅಂಗಳದ ಪಕ್ಕ ಎಂದು ಗ್ರಾಮಸಭೆಯಲ್ಲಿ ಹೇಳಲಿ. ದಾರಿ ಗುರುತಿಸುವಾಗ ಅಲ್ಲಿ ದಿನಾ ನಡೆಯುವ ಇಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಲಿ. ಅವರು ಇಲ್ಲಿ ಬೇಡ ಎಂದ ಕಡೆ ರಿಬ್ಬನ್ ಕಟ್ಟುವುದು ಬೇಡ. ಓಟದ ದಿನ ಕವಲುಗಳಲ್ಲಿ ನಿಲ್ಲುವವರೂ ಅವರೇ ಆಗಲಿ.

ಆನೆ ಇರುವ ಕಡೆ ಚೆನ್ನಾಗಿ ಬೆಳಕು ಹರಿಯುವ ಮೊದಲು ಓಟ ಶುರುವಾಗಬಾರದು. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂಬ ಮಾಹಿತಿ ಅರಣ್ಯ ಸಿಬ್ಬಂದಿಯ ಬಳಿ, ತೋಟದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುತ್ತದೆ. ಅದನ್ನು ನೋಡಿ ಬೇಕಾದರೆ ದಾರಿ ಬದಲಿಸುವ, ರದ್ದು ಮಾಡುವ ಧೈರ್ಯ ಸಂಘಟಕರಿಗೆ ಇರಬೇಕು. ಮಳೆಗಾಲದಲ್ಲಿ ಹುಲ್ಲುಗಾವಲಿನ ಮೇಲೆ ಗುಂಪು ಓಟ ಬೇಡ. ಮಂಗನ ಕಾಯಿಲೆ ಕಾಣಿಸಿಕೊಂಡ ಕಾಡಿನ ಹತ್ತಿರವೂ ಬೇಡ.

ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಆ ದಾರಿಗೇ ಹೋಗಲಿ. ದೇಣಿಗೆ ಅಂತಲ್ಲ, ಬಾಡಿಗೆ ಅಂತ. ಆಂಬುಲೆನ್ಸ್‌ಗೆ ಬಾಡಿಗೆ ಕೊಡುತ್ತೀರಿ, ಹಲಗೆ ಹಗ್ಗಕ್ಕೂ ಬಾಡಿಗೆ ಕೊಡುತ್ತೀರಿ. ದಾರಿಗೆ ಯಾಕಿಲ್ಲ? ಆ ದುಡ್ಡಿನಲ್ಲಿ ಒಂದು ವರ್ಷ ಒಂದು ಸಂಕಕ್ಕೆ ಹಿಡಿಗಂಬಿ ಆದರೆ ಸಾಕು. ಓಟದವರೂ ಮುಂದಿನ ವರ್ಷ ಅದರ ಮೇಲೇ ದಾಟಬೇಕಲ್ಲ. ಊರಿನ ಹುಡುಗ ಹುಡುಗಿಯರಿಗೆ ಶುಲ್ಕವಿಲ್ಲದೆ ಓಡಲು ಬಿಡಿ. ದಿನಾ ನಾಲ್ಕು ಕಿಲೋಮೀಟರ್ ಗುಡ್ಡ ಇಳಿದು ಹತ್ತಿ ಹೈಸ್ಕೂಲಿಗೆ ಹೋಗುವ ಹುಡುಗಿ ಸ್ಪರ್ಧೆಯಲ್ಲಿ ಹೇಗೆ ಓಡುತ್ತಾಳೆ ಎಂದು ನೋಡುವ ಆಸೆ ನನಗಿದೆ. ಇದುವರೆಗೆ ಅವಳು ನೀರಿನ ಮೇಜಿನ ಹಿಂದೆ ಲೋಟ ಹಿಡಿದು ನಿಂತದ್ದನ್ನು ಮಾತ್ರ ನೋಡಿದ್ದೇನೆ.

ಕೊನೆಗೆ ನಮ್ಮ ಕಸುಬಿನವರಿಗೆ. ಇನ್ನು ಮುಂದೆ ಒಂದು ಜಾಗದ ಬಗ್ಗೆ ಬರೆಯುವಾಗ, ಅಲ್ಲಿಗೆ ಅನುಮತಿ ಬೇಕೇ, ನೆಟ್‌ವರ್ಕ್ ಇದೆಯೇ, ಕೊನೆಯ ಬಸ್ಸು ಎಷ್ಟಕ್ಕೆ, ಯಾವ ತಿಂಗಳು ಬೇಡ, ಯಾರನ್ನು ಕೇಳಿ ಹೋಗಬೇಕು ಎಂಬುದನ್ನು ಮೊದಲ ಎರಡು ಪ್ಯಾರಾದೊಳಗೆ ಬರೆಯೋಣ. ಡೆಸ್ಕ್ ಕತ್ತರಿಸಬೇಕೆಂದರೆ ಕೆಳಗಿನ ವರ್ಣನೆಯನ್ನು ಕತ್ತರಿಸಲಿ. ಹೇಳದೆ ಇದ್ದರೆ ಒಳ್ಳೆಯದು ಎನ್ನಿಸುವ ಜಾಗವನ್ನು ಹೇಳದೇ ಇರೋಣ. ಒಂದು ಬೈಲೈನ್ ಹೋದರೆ ಹೋಗಲಿ.

ಆ ಘಟನೆಯ ವಾರದಲ್ಲೇ ಆ್ಯಪ್‌ನಿಂದ ನನ್ನ ಗೆರೆಯನ್ನು ತೆಗೆದೆ. ಅಷ್ಟರಲ್ಲಿ ಬೇರೆಯವರು ಅದನ್ನು ಇಳಿಸಿಕೊಂಡು ತಮ್ಮ ಹೆಸರಲ್ಲಿ ಏರಿಸಿದ್ದರು, ಅವು ಈಗಲೂ ಇವೆ. ಪತ್ರಿಕೆಗೆ ಒಂದು ಎಚ್ಚರಿಕೆಯ ಬರಹ ಕಳಿಸಿದೆ, ಒಳಪುಟದಲ್ಲಿ ನಾಲ್ಕು ಸಾಲು ಬಂತು.

ಜನವರಿಯಲ್ಲಿ ಮತ್ತೆ ಆ ಗುಡ್ಡಕ್ಕೆ ಹೋಗಿದ್ದೆ. ಎರಡನೇ ಕವಲಿನಲ್ಲಿ ದನದ ಜಾಡಿಗೆ ಅಡ್ಡವಾಗಿ ಯಾರೋ ಎರಡು ಮುಳ್ಳಿನ ಕೊಂಬೆ ಇಟ್ಟಿದ್ದರು. ಸರಿಯಾದ ದಾರಿಯ ಪಕ್ಕದ ನೇರಳೆ ಮರಕ್ಕೆ ಗೊಬ್ಬರದ ಬಿಳಿ ಚೀಲ ಕಟ್ಟಿದ್ದರು, ಮಂಜಿನಲ್ಲೂ ಕಾಣಲಿ ಎಂದು. ಶೆಟ್ರನ್ನು ಕೇಳಿದೆ. ಅವತ್ತು ಜೋಲಿಯ ಮುಂದೆ ಹೊತ್ತಿದ್ದ ಆಳು ಕಟ್ಟಿದ್ದಂತೆ. ಯಾರೂ ಅವನಿಗೆ ಹೇಳಿರಲಿಲ್ಲ.